ಗಾಜಿನ ತೊಟ್ಟಿ ಮತ್ತು ಎರಡು ಬಗೆಯ ಬಂಧನ
‘ಫೈಂಡಿಂಗ್ ನೀಮೊ’ ಚಿತ್ರವನ್ನು ಕುರಿತು ಒಂದು ವಿವೇಚನೆ

ಮಕ್ಕಳಿಗಾಗಿ ನಿರ್ಮಾಣವಾದ ಕೃತಿಗಳನ್ನು ಹಿರಿಯರು ಲಘುವಾಗಿ ಕಾಣುವುದು ರೂಢಿ. ಆದರೆ ಎಳೆಯ ಮನಸ್ಸಿನಲ್ಲಿ ಮೊದಲು ಬಿದ್ದ ಬೀಜವೇ ಮುಂದೆ ಮರವಾಗುವುದರಿಂದ, ಅಂಥ ಕೃತಿಗಳು ಏನನ್ನು ಬಿತ್ತುತ್ತವೆ ಎಂಬುದನ್ನು ದೊಡ್ಡವರ ಕೃತಿಗಳಿಗಿಂತಲೂ ಹೆಚ್ಚಿನ ಎಚ್ಚರದಿಂದ ಪರಿಶೀಲಿಸಬೇಕಾಗುತ್ತದೆ. ಅಮೆರಿಕದ ಪಿಕ್ಸಾರ್ ಸಂಸ್ಥೆ ನಿರ್ಮಿಸಿ, ಆಂಡ್ರ್ಯೂ ಸ್ಟಾಂಟನ್ ನಿರ್ದೇಶಿಸಿ, 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೊ’ ಎಂಬ ಅನಿಮೇಷನ್ ಚಿತ್ರ ಅಂಥದೊಂದು ಕೃತಿ. 2004ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಪಡೆದ ಈ ಚಿತ್ರವನ್ನು ಇಂದಿಗೂ ಮಕ್ಕಳು ಮನೆಗಳಲ್ಲಿ ಆಸೆಯಿಂದ ನೋಡುತ್ತಾರೆ. ನೋಡಿ ಮುಗಿಸಿದ ಮಗು ಎರಡು ಮಾತುಗಳಲ್ಲಿ ಒಂದನ್ನು ಆಡುವ ಸಂಭವವುಂಟು. ‘ಪಾಪ, ಮೀನನ್ನು ಹಿಡಿಯಬಾರದು’ ಎಂಬುದು ಒಂದು. ‘ನಮ್ಮ ಮನೆಗೂ ಅಂಥ ಮೀನು ತನ್ನಿ’ ಎಂಬುದು ಮತ್ತೊಂದು. ಒಂದೇ ಚಿತ್ರದಿಂದ ಈ ಎರಡು ವಿರುದ್ಧ ಫಲಗಳು ಹೇಗೆ ಹುಟ್ಟಬಲ್ಲವು ಎಂಬುದೇ ಇಲ್ಲಿ ವಿವೇಚಿಸಬೇಕಾದ ವಿಷಯ.

ಕಥೆ ಸರಳವಾದುದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲಿನಲ್ಲಿ ಮಾರ್ಲಿನ್ ಎಂಬ ಕ್ಲೌನ್ ಮೀನು ಸಂಸಾರ ಹೂಡಿರುತ್ತದೆ. ಕಿತ್ತಳೆ ಬಣ್ಣದ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ, ಬೆರಳುದ್ದದ ಮೀನು ಇದು. ಚುಚ್ಚಿ ವಿಷವಿಡುವ ಎಳೆಗಳುಳ್ಳ, ನೋಡುವುದಕ್ಕೆ ಹೂವಿನಂತಿರುವ ಅನಿಮೋನ್ ಎಂಬ ಸಮುದ್ರಜೀವಿಯ ಮಡಿಲೇ ಇದರ ಮನೆ. ಬ್ಯಾರಕೂಡ ಎಂಬ ದೊಡ್ಡ ಮೀನಿನ ದಾಳಿಯಲ್ಲಿ ಮಾರ್ಲಿನ್ನನ ಪತ್ನಿಯೂ ಮೊಟ್ಟೆಗಳ ರಾಶಿಯೂ ನಾಶವಾಗಿ, ಒಂದೇ ಒಂದು ಮೊಟ್ಟೆ ಉಳಿಯುತ್ತದೆ. ಅದರಿಂದ ಹುಟ್ಟಿದವನೇ ನೀಮೊ. ಅವನ ಒಂದು ಈಜುರೆಕ್ಕೆ ಕಿರಿದು. ಒಮ್ಮೆ ಎಲ್ಲವನ್ನೂ ಕಳೆದುಕೊಂಡ ತಂದೆ ಮಗನನ್ನು ಮನೆಯಿಂದ ಆಚೆ ಬಿಡಲು ಹೆದರುತ್ತಾನೆ. ಆ ಹೆದರಿಕೆಗೆ ರೇಗಿದ ಮಗ ಹಟದಿಂದ ತೆರೆದ ಕಡಲಿಗೆ ಈಜಿಹೋಗುತ್ತಾನೆ. ಅಲ್ಲಿ ಮುಳುಗುಗಾರನೊಬ್ಬನ ಬಲೆಗೆ ಸಿಕ್ಕಿ ಸಿಡ್ನಿ ನಗರದ ದಂತವೈದ್ಯನೊಬ್ಬನ ಚಿಕಿತ್ಸಾಲಯದ ಗಾಜಿನ ತೊಟ್ಟಿಯನ್ನು ಸೇರುತ್ತಾನೆ. ಮುಂದಿನದು ಮಗನನ್ನು ಅರಸಿ ತಂದೆ ಕಡಲು ದಾಟುವ ವೃತ್ತಾಂತ.

ಸೂಕ್ಷ್ಮವಾಗಿ ನೋಡಿದರೆ ಈ ಕಥೆಯಲ್ಲಿ ತೊಟ್ಟಿಗಳು ಎರಡು. ಒಂದು ದಂತವೈದ್ಯನ ಗಾಜಿನ ತೊಟ್ಟಿ. ಇನ್ನೊಂದು ತಂದೆಯ ಭಯದಿಂದ ನಿರ್ಮಿತವಾದ, ಕಣ್ಣಿಗೆ ಕಾಣದ ತೊಟ್ಟಿ. ಎರಡರ ಗೋಡೆಗಳೂ ದ್ವೇಷದಿಂದ ಕಟ್ಟಿದವಲ್ಲ, ಪ್ರೀತಿಯಿಂದ ಕಟ್ಟಿದವು. ಶ್ರಾವಕನ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಬಂಧವೇ ಮೊದಲನೆಯದು. ತಾನು ಬಯಸಿದೆಡೆಗೆ ಹೋಗಬಲ್ಲ ಜೀವಿಯ ಗತಿಯನ್ನು ತಡೆಯುವುದೇ ಬಂಧವೆಂದು ವ್ಯಾಖ್ಯಾನಕಾರರು ತಿಳಿಸಿದ್ದಾರೆ. ಆ ತಡೆ ಕೋಪದಿಂದಲೇ ಆಗಬೇಕೆಂದಿಲ್ಲ, ಮೋಹದಿಂದಲೂ ಆಗಬಹುದು ಎಂಬ ತಥ್ಯವನ್ನು ಈ ಚಿತ್ರ ಮಕ್ಕಳಿಗೂ ತಿಳಿಯುವಂತೆ ತೋರಿಸಿದೆ. ಅದರ ಮೊದಲ ಹಿರಿಮೆ ಇದು.

ಎರಡನೆಯ ಹಿರಿಮೆ ದಂತವೈದ್ಯನ ಪಾತ್ರಚಿತ್ರಣ. ಅವನು ಕ್ರೂರಿಯಲ್ಲ. ಹವಳದ ದಿಬ್ಬದಲ್ಲಿ ಒದ್ದಾಡುತ್ತಿದ್ದ ಮರಿಯೊಂದನ್ನು ತಾನು ಬದುಕಿಸಿ ತಂದೆನೆಂದೇ ಅವನು ನಂಬಿದ್ದಾನೆ. ಕಿರಿದಾದ ರೆಕ್ಕೆಯನ್ನು ಕಂಡು ಅವನಿಗೆ ಹಾಗೆ ತೋರಿರಬೇಕು. ತಂದೆಯಿಂದ ಮಗನನ್ನು ಕಿತ್ತು ತಂದ ಕೃತ್ಯ ಅವನ ಲೆಕ್ಕದ ಪುಸ್ತಕದಲ್ಲಿ ಪುಣ್ಯದ ಬಾಬಿನಲ್ಲಿ ಜಮೆಯಾಗಿದೆ. ಜ್ಞಾನವಿಲ್ಲದ ದಯೆ ಹೇಗೆ ಹಿಂಸೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ದೊರೆಯುವುದು ಕಷ್ಟ.

ಇಷ್ಟಾದರೂ ಚಿತ್ರ ಎರಡು ತೊಟ್ಟಿಗಳನ್ನೂ ಒಂದೇ ಶ್ರದ್ಧೆಯಿಂದ ಪರೀಕ್ಷಿಸಿಲ್ಲ. ತಂದೆಯ ಭಯದ ಗೋಡೆ ಅರಿವಿನಿಂದ ಕರಗುತ್ತದೆ. ಕೊನೆಯಲ್ಲಿ ಮೀನುಗಾರರ ಬಲೆಯೊಳಗಿನ ಮೀನುಗಳನ್ನು ಬಿಡಿಸಲು ಮಗ ಹೊರಟಾಗ, ಎದೆಯ ನಡುಕವನ್ನು ಅದುಮಿಕೊಂಡು ತಂದೆ ಅವನನ್ನು ಹೋಗಗೊಡುತ್ತಾನೆ. ದಂತವೈದ್ಯನ ಗಾಜಿನ ಗೋಡೆಯಾದರೋ ಉಪಾಯದಿಂದ ಮಾತ್ರ ಸೋಲುತ್ತದೆ. ಅವನು ಏನನ್ನೂ ಕಲಿಯುವುದಿಲ್ಲ. ಹಿಡಿದ ಮೀನುಗಳು ತಪ್ಪಿಸಿಕೊಂಡ ಮೇಲೆ ಆ ತೊಟ್ಟಿಗೆ ಬೇರೆ ಮೀನುಗಳು ಬರುವುದನ್ನು ತಡೆಯುವಂಥದು ಕಥೆಯಲ್ಲಿ ಏನೂ ಇಲ್ಲ. ಚಿತ್ರ ನೋಡುವ ಮನೆಯವರು ಮೀನಿನ ಪಕ್ಷದಲ್ಲಿ ನಿಂತು ಕಣ್ಣೀರು ತುಂಬಿಕೊಂಡರೂ ಅವರ ನಿಜವಾದ ಸ್ಥಾನ ದಂತವೈದ್ಯನ ಸ್ಥಾನವೇ. ಅವನಿಗೆ ದೊರೆಯದ ಪಾಠ ಅವರಿಗೂ ದೊರೆಯುವುದಿಲ್ಲ. ‘ನಮ್ಮ ಮನೆಗೂ ತನ್ನಿ’ ಎಂಬ ಮಗುವಿನ ಮಾತಿಗೆ ಬಾಗಿಲು ತೆರೆದಿರುವುದು ಇಲ್ಲಿಯೇ.

ಚಿತ್ರ ತೋರಿಸದ ನೀರು

ತೊಟ್ಟಿಯ ಮೀನುಗಳು ಬಿಡುಗಡೆಗಾಗಿ ಹೂಡುವ ಉಪಾಯ ಸ್ವಾರಸ್ಯವಾಗಿದೆ. ಫಿಲ್ಟರಿಗೆ ಬೆಣಚುಕಲ್ಲು ಸಿಕ್ಕಿಸಿ ಅದನ್ನು ಕೆಡಿಸಬೇಕು, ನೀರು ಹೊಲಸಾಗಬೇಕು, ತೊಳೆಯುವ ಸಲುವಾಗಿ ವೈದ್ಯ ಮೀನುಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಹೊರಗಿಡಬೇಕು, ಆಗ ಕಿಟಕಿಯಿಂದ ಉರುಳಿ, ರಸ್ತೆ ದಾಟಿ, ಬಂದರಿನ ನೀರಿಗೆ ಬೀಳಬೇಕು. ಅದರಂತೆ ತೊಟ್ಟಿಯೆಲ್ಲ ಹಸಿರು ಪಾಚಿಯಿಂದ ತುಂಬುತ್ತದೆ, ಮೀನುಗಳು ಮಾತ್ರ ಲವಲವಿಕೆಯಿಂದಿರುತ್ತವೆ. ಹಾಸ್ಯಕ್ಕೆ ಇದು ಒಪ್ಪುವ ಕಲ್ಪನೆ, ಸತ್ಯಕ್ಕೆ ಒಪ್ಪುವಂಥದಲ್ಲ. ಉಪ್ಪುನೀರಿನ ತೊಟ್ಟಿಯಲ್ಲಿ ಮೀನನ್ನು ಕೊಲ್ಲುವುದು ಬಹುಮಟ್ಟಿಗೆ ಕಣ್ಣಿಗೆ ಕಾಣದ ವಸ್ತು. ಮೀನಿನ ಮಲ ಮತ್ತು ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಬೇರೊಂದು ಜಾತಿಯವು ನೈಟ್ರೈಟನ್ನು ಅಷ್ಟಾಗಿ ವಿಷವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಅಷ್ಟರೊಳಗೆ ತಂದುಬಿಟ್ಟ ಮೀನು ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿಯೇ ಉಸಿರಾಡಲಾರದೆ ಸಾಯಬಹುದು. ಕೊಂಡ ದಿನವೇ ಗಾಜಿನ ಪೆಟ್ಟಿಗೆಯನ್ನೂ ಮೀನನ್ನೂ ಒಟ್ಟಿಗೆ ಮನೆಗೆ ತರುವ ತಂದೆ ಈ ಕೊಲೆಯನ್ನು ಕಾಣುವುದೇ ಇಲ್ಲ. ನೀರು ಶುದ್ಧವಾಗಿಯೇ ಇತ್ತಲ್ಲ ಎಂದು ಅಚ್ಚರಿಪಡುತ್ತಾನೆ.

ಉಳಿದ ನಿಯಮಗಳೂ ಇಷ್ಟೇ ಕಟ್ಟುನಿಟ್ಟಾದವು. ನೀರಿನ ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಸಾಪೇಕ್ಷ ಸಾಂದ್ರತೆ 1.023ರಿಂದ 1.026ರ ನಡುವೆಯೂ ನಿಲ್ಲಬೇಕು. ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆಯಲ್ಲಿ ಸೊನ್ನೆಯಾಗಿರಬೇಕು. ನೀರು ಆವಿಯಾದಾಗ ಉಪ್ಪು ಆವಿಯಾಗುವುದಿಲ್ಲ; ಆದುದರಿಂದ ಇಳಿದ ಮಟ್ಟವನ್ನು ಉಪ್ಪುನೀರಿನಿಂದ ತುಂಬಿಸಿದರೆ ದಿನದಿಂದ ದಿನಕ್ಕೆ ಲವಣ ಏರುತ್ತದೆ. ಶುದ್ಧೀಕರಿಸಿದ ಸಿಹಿನೀರನ್ನೇ ಹಾಕಬೇಕು. ಕ್ಲೋರಿನ್ ಬೆರೆತ ನಲ್ಲಿಯ ನೀರು ಸಲ್ಲದು. ತೊಟ್ಟಿ ಚಿಕ್ಕದಾದಷ್ಟೂ ಈ ಏರಿಳಿತಗಳು ತೀವ್ರವಾಗುವುದರಿಂದ ಒಂದು ಜೋಡಿ ಮೀನಿಗೆ 75ರಿಂದ 100 ಲೀಟರಿಗಿಂತ ಕಡಿಮೆ ನೀರು ಸಾಲದು. ವಿದ್ಯುತ್ತು ದೀರ್ಘಕಾಲ ಹೋದರೆ ಪಂಪು ನಿಂತು ನೀರಿನ ಆಮ್ಲಜನಕ ಕುಗ್ಗುತ್ತದೆ, ಬ್ಯಾಕ್ಟೀರಿಯಾಗಳೂ ಸಾಯತೊಡಗುತ್ತವೆ. ಬ್ರೂಕ್ಲಿನೆಲ್ಲಾ ಎಂಬ ಏಕಕೋಶದ ಪರೋಪಜೀವಿ ಕ್ಲೌನ್ ಮೀನುಗಳನ್ನು ವಿಶೇಷವಾಗಿ ಕಾಡುತ್ತದೆ. ಹೊಸ ಮೀನನ್ನು ಕೆಲವು ವಾರ ಪ್ರತ್ಯೇಕ ತೊಟ್ಟಿಯಲ್ಲಿರಿಸದೆ ನೇರವಾಗಿ ಬಿಟ್ಟರೆ ಮೊದಲಿದ್ದವೂ ಅಪಾಯಕ್ಕೆ ಸಿಲುಕುತ್ತವೆ. ಅನಿಮೋನ್ ಇಲ್ಲದೆಯೂ ಕ್ಲೌನ್ ಮೀನು ಬದುಕಬಲ್ಲದು. ಚಿತ್ರವನ್ನು ನೋಡಿದ ಮಗುವಿನ ಸಂತೋಷಕ್ಕೆಂದು ಅನಿಮೋನನ್ನೂ ತಂದರೆ, ಪ್ರಖರ ಬೆಳಕು ಮತ್ತು ಪಳಗಿದ ನೀರನ್ನು ಬೇಡುವ ಆ ಜೀವಿ ಹೊಸ ತೊಟ್ಟಿಯಲ್ಲಿ ಮೀನಿಗಿಂತ ಮೊದಲೇ ಕೊಳೆತು ನೀರನ್ನೆಲ್ಲ ಕೆಡಿಸುವುದುಂಟು.

ಕಡಲು ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸವನ್ನೆಲ್ಲ ಗೃಹಸ್ಥ ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ ಎಂಬುದು ಇದರ ತಾತ್ಪರ್ಯ. ಒಂದು ವಾರದ ಪ್ರಮಾದಕ್ಕೆ ದಂಡ ತೆರುವವನು ಅವನಲ್ಲ, ಒಳಗಿರುವ ಜೀವ. ಚಿತ್ರದಲ್ಲಿ ಈ ಭಾರ ಎಲ್ಲಿಯೂ ಕಾಣುವುದಿಲ್ಲ. ವೈದ್ಯ ತರಿಸಿದ ಹೊಸ ಯಂತ್ರವೊಂದು ರಾತ್ರಿ ಬೆಳಗಾಗುವುದರೊಳಗೆ ತೊಟ್ಟಿಯನ್ನು ಥಳಥಳಿಸುವಂತೆ ಮಾಡಿಬಿಡುತ್ತದೆ. ಯಂತ್ರವೊಂದಿದ್ದರೆ ಸಾಕು ಎಂಬ ತಪ್ಪು ತಿಳಿವಳಿಕೆ ನಗೆಯ ಸಂಗಡವೇ ಮಗುವಿನ ಮನಸ್ಸಿಗೆ ಇಳಿಯುತ್ತದೆ.

ಚಿತ್ರ ಕೇಳದ ಪ್ರಶ್ನೆ: ಆಹಾರ

ತೊಟ್ಟಿಯ ನಾಯಕನಾದ ಗಿಲ್ ಎಂಬುವನು ಮೂರಿಶ್ ಐಡಲ್ ಜಾತಿಯ ಮೀನು. ಕಡಲಿನಲ್ಲಿ ಸ್ಪಂಜಿನಂಥ ಜೀವಿಗಳನ್ನು ಮೇಯುವ ಈ ಮೀನು ಸೆರೆಯಲ್ಲಿ ಕೊಟ್ಟ ಆಹಾರವನ್ನು ಮುಟ್ಟದೆ ಸೊರಗಿ ಸಾಯುವುದಕ್ಕೆ ಹೆಸರಾದುದು. ಅನುಭವಿಗಳೂ ಇದನ್ನು ಸಾಕಲು ಹಿಂಜರಿಯುತ್ತಾರೆ. ಅನ್ನಪಾನಗಳನ್ನು ತಡೆಯುವುದೂ ಆ ಐದು ಅತಿಚಾರಗಳಲ್ಲಿ ಸೇರಿದೆ. ಎದುರಿಗೆ ಆಹಾರ ಸುರಿದಿದ್ದರೂ ತನ್ನ ಆಹಾರವಲ್ಲದ ಕಾರಣ ಜೀವಿ ಉಪವಾಸ ಬೀಳುವುದು ಅದರದೇ ಇನ್ನೊಂದು ರೂಪ. ಗಿಲ್ಲನ ಮೈಮೇಲಿನ ಗಾಯದ ಗುರುತುಗಳನ್ನು ತೋರಿಸಿದ ಚಿತ್ರ ಅವನ ಹಸಿವನ್ನು ತೋರಿಸಿಲ್ಲ.

ಕ್ಲೌನ್ ಮೀನಿನದು ಬೇರೆ ತೊಡಕು. ಅದು ಕೊಟ್ಟದ್ದನ್ನು ತಿನ್ನುತ್ತದೆ. ಆದರೆ ಪಾಚಿಯ ಜೊತೆಗೆ ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳೂ ಅದರ ಸಹಜ ಆಹಾರ. ಮನೆಗಳಲ್ಲಿ ಅದಕ್ಕೆ ಹಾಕುವುದು ಆರ್ಟೀಮಿಯಾ, ಮೈಸಿಸ್ ಮೊದಲಾದ ಸೀಗಡಿಯಂಥ ಚಿಕ್ಕ ಜೀವಿಗಳನ್ನು. ಅಂಗಡಿಯ ಒಣ ಗುಳಿಗೆಗಳಲ್ಲಿಯೂ ಸಾಮಾನ್ಯವಾಗಿ ಮೀನಿನ ಅಥವಾ ಸೀಗಡಿಯ ಹಿಟ್ಟಿರುತ್ತದೆ. ತ್ರಸಜೀವಗಳ ಸಂಕಲ್ಪಹಿಂಸೆಯನ್ನು ತೊರೆದ ಶ್ರಾವಕನ ಮನೆಯಲ್ಲಿ, ಒಂದು ಜೀವದ ಅಂದವನ್ನು ನೋಡುವ ಸಲುವಾಗಿ, ದಿನಕ್ಕೆರಡು ಬಾರಿ ತ್ರಸಜೀವಗಳ ದೇಹವನ್ನು ಉಣಿಸುವ ಏರ್ಪಾಡು ಇದಾಗುತ್ತದೆ. ಇತರ ಜೀವಿಗಳನ್ನು ತಿನ್ನುವ ಪ್ರಾಣಿಗಳನ್ನು ವಿನೋದಕ್ಕಾಗಿ ಸಾಕುವುದನ್ನು ಶ್ರಾವಕಾಚಾರದ ಗ್ರಂಥಗಳು ಅನರ್ಥದಂಡದಲ್ಲಿ ಎಣಿಸಿರುವುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಹಿಂಸೆಯೂ ಉಂಟು, ಪ್ರಯೋಜನವೂ ಇಲ್ಲ.

ಸಾಕುವವರ ವಾದ

ಸಾಕುವವರ ಪಕ್ಷದಲ್ಲಿಯೂ ಹೇಳಬೇಕಾದ ಮಾತುಗಳಿವೆ; ಅವನ್ನು ಕೇಳದೆ ತೀರ್ಪು ಕೊಡುವುದು ಅನೇಕಾಂತದೃಷ್ಟಿಗೆ ಒಪ್ಪುವುದಿಲ್ಲ. ಕ್ಲೌನ್ ಮೀನು ತನ್ನ ಅನಿಮೋನ್ ಬಿಟ್ಟು ಕೆಲವು ಮೀಟರುಗಳಿಗಿಂತ ದೂರ ಹೋಗುವುದು ಅಪರೂಪವಾದುದರಿಂದ ತೊಟ್ಟಿ ಅದಕ್ಕೆ ಸೆರೆಮನೆಯಲ್ಲ ಎಂಬುದು ಮೊದಲನೆಯ ವಾದ. ತಾನಾಗಿ ಮನೆಯಲ್ಲಿರುವುದಕ್ಕೂ ಹೊರಗಿನಿಂದ ಬೀಗ ಹಾಕಿಸಿಕೊಂಡು ಇರುವುದಕ್ಕೂ ವ್ಯತ್ಯಾಸವಿಲ್ಲವೆನ್ನುವುದಾದರೆ ಮಾತ್ರ ಈ ವಾದ ನಿಲ್ಲುತ್ತದೆ. ಅದಲ್ಲದೆ ಮೊಟ್ಟೆಯೊಡೆದ ಮರಿಗಳು ಮೊದಲ ಹತ್ತು ಹನ್ನೆರಡು ದಿನ ತೆರೆದ ಕಡಲಿನಲ್ಲಿ ತೇಲಿ, ಆಮೇಲೆ ತಮ್ಮ ನೆಲೆಯನ್ನು ತಾವೇ ಹುಡುಕಿಕೊಳ್ಳುತ್ತವೆ.

ಎರಡನೆಯ ವಾದ ಹೆಚ್ಚು ಗಟ್ಟಿಯಾದುದು. ಕ್ಲೌನ್ ಮೀನುಗಳನ್ನು 1970ರ ದಶಕದಿಂದಲೇ ತೊಟ್ಟಿಗಳಲ್ಲಿ ಮರಿಮಾಡಿಸಿ ಮಾರಲಾಗುತ್ತಿದೆ. ಭಾರತದಲ್ಲಿಯೂ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಈ ವಿದ್ಯೆಯನ್ನು ಸಾಧಿಸಿದೆ. ಕಡಲಿನಿಂದ ಹಿಡಿದು ತರುವ ಮೀನುಗಳ ವ್ಯಾಪಾರದಲ್ಲಿ, ಮುಖ್ಯವಾಗಿ ಫಿಲಿಪ್ಪೀನ್ಸ್ ಮತ್ತು ಇಂಡೋನೇಷ್ಯಾಗಳಲ್ಲಿ, ಸೈನೈಡ್ ಸಿಂಪಡಿಸಿ ಮೀನುಗಳ ಮೈಮರೆಸಿ ಹಿಡಿಯುವ ಘೋರ ಪದ್ಧತಿ ಬಳಕೆಗೆ ಬಂದಿತ್ತೆಂಬುದನ್ನು ನೆನೆದರೆ, ತೊಟ್ಟಿಯಲ್ಲಿ ಹುಟ್ಟಿದ ಮೀನನ್ನು ಕೊಳ್ಳುವುದು ಅಲ್ಪಹಿಂಸೆ ಎಂಬುದನ್ನು ಒಪ್ಪಬೇಕು. ಆದರೆ ಅಲ್ಪಹಿಂಸೆ ಅಹಿಂಸೆಯಲ್ಲ. ಆ ಮರಿಗಳನ್ನು ಬೆಳೆಸಲು ಮೊದಲು ರೋಟಿಫರ್ ಎಂಬ ಸೂಕ್ಷ್ಮಜೀವಿಗಳನ್ನೂ ಅನಂತರ ಆರ್ಟೀಮಿಯಾ ಮರಿಗಳನ್ನೂ ಜೀವಂತವಾಗಿ ಉಣಿಸುತ್ತಾರೆ. ಅಂಗಡಿಯ ಬೆಲೆಚೀಟಿಯಲ್ಲಿ ಈ ವೆಚ್ಚವನ್ನು ಬರೆದಿರುವುದಿಲ್ಲ. ಬರೆಯದ ಮಾತ್ರಕ್ಕೆ ವೆಚ್ಚ ಇಲ್ಲವಾಗುವುದೂ ಇಲ್ಲ.

ಇದೇ ನ್ಯಾಯವನ್ನು ಚಿತ್ರಕ್ಕೂ ಸಲ್ಲಿಸಬೇಕು. ‘ನೀಮೊ’ ತೆರೆಕಂಡ ಮೇಲೆ ಕಡಲಿನ ಕ್ಲೌನ್ ಮೀನುಗಳ ಬೇಟೆ ವಿಪರೀತವಾಯಿತೆಂಬ ಆಪಾದನೆ ಬಹುಕಾಲದಿಂದ ಪ್ರಚಾರದಲ್ಲಿದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಆಪಾದನೆಗೆ ಸಾಕಷ್ಟು ಆಧಾರವಿಲ್ಲವೆಂದು ತಿಳಿಸಿತು. 2016ರಲ್ಲಿ ಬಂದ ಮುಂದಿನ ಕಥೆ ‘ಫೈಂಡಿಂಗ್ ಡೋರಿ’ಯ ವಿಷಯದಲ್ಲಿಯೂ, ಜನರ ಕುತೂಹಲ ಹೆಚ್ಚಿತೇ ಹೊರತು ಮೀನುಗಳ ಆಮದು ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲವೆಂದು 2019ರ ಅಧ್ಯಯನವೊಂದು ಹೇಳಿತು. ಒಳ್ಳೆಯ ಉದ್ದೇಶಕ್ಕಾಗಿಯಾದರೂ ಆಧಾರವಿಲ್ಲದ ದೂರನ್ನು ಹೊರಿಸುವುದು ಸತ್ಯಾಣುವ್ರತಕ್ಕೆ ಭಂಗ. ಚಿತ್ರದ ದೋಷ ಅದು ಮಾಡಿಸಿದ ಬೇಟೆಯಲ್ಲಿಲ್ಲ. ತಾನೇ ಎತ್ತಿದ ಪ್ರಶ್ನೆಯನ್ನು ಅರ್ಧಕ್ಕೇ ಬಿಟ್ಟದ್ದರಲ್ಲಿದೆ.

ಚೀಲದೊಳಗಿನ ಬಿಡುಗಡೆ

ಚಿತ್ರದ ಕಟ್ಟಕಡೆಯ ದೃಶ್ಯ ಗಮನಾರ್ಹ. ತೊಟ್ಟಿಯ ಮೀನುಗಳು ಕೊನೆಗೂ ಬಂದರಿನ ನೀರಿಗೆ ಬೀಳುತ್ತವೆ, ಆದರೆ ಬಿಗಿದು ಕಟ್ಟಿದ ಪ್ಲಾಸ್ಟಿಕ್ ಚೀಲಗಳೊಳಗೇ ಉಳಿದು ತೇಲುತ್ತವೆ. ಮುಂದೇನು ಎಂದು ಅವುಗಳಲ್ಲೊಂದು ಕೇಳುತ್ತದೆ, ಉತ್ತರವಿಲ್ಲ. ಪ್ರೇಕ್ಷಕರು ನಗುತ್ತಾರೆ. ಇಡೀ ಚಿತ್ರದಲ್ಲಿ ಹೆಚ್ಚು ಯೋಚಿಸಬೇಕಾದ ಗಳಿಗೆ ಅದೇ. ಆ ಗುಂಪಿನಲ್ಲಿ ರಾಯಲ್ ಗ್ರಾಮಾ ಎಂಬ ಮೀನುಂಟು; ಅದರ ನೆಲೆ ಅಟ್ಲಾಂಟಿಕ್ ಸಾಗರದ ಪಶ್ಚಿಮ ಭಾಗ. ಹಳದಿಯ ಟ್ಯಾಂಗ್ ಮೀನುಂಟು. ಅದು ಮುಖ್ಯವಾಗಿ ಹವಾಯಿ ದ್ವೀಪಗಳದು. ವ್ಯಾಪಾರ ಮೂರು ಕಡೆಗಳ ಜೀವಗಳನ್ನು ಒಂದು ಗಾಜಿನೊಳಗೆ ತಂದಿಟ್ಟಿತು. ಅವುಗಳನ್ನು ಸಿಡ್ನಿಯ ನೀರಿಗೆ ಬಿಟ್ಟ ಮಾತ್ರಕ್ಕೆ ಯಾವುದೂ ತನ್ನ ಮನೆಯನ್ನು ಸೇರಿದಂತಾಗುವುದಿಲ್ಲ.

ಜೀವದಯೆಯ ಹೆಸರಿನಲ್ಲಿ ಮೀನುಗಳನ್ನೂ ಪಕ್ಷಿಗಳನ್ನೂ ಕೊಂಡು ಬಿಡಿಸುವ ಧರ್ಮಸಂಸ್ಥೆಗಳು ಈ ದೃಶ್ಯವನ್ನು ಮನಸ್ಸಿಟ್ಟು ನೋಡಬೇಕು. ಉಪ್ಪುನೀರಿನ ಮೀನನ್ನು ಬಸದಿಯ ಕೊಳಕ್ಕೋ ಊರ ಕೆರೆಗೋ ಬಿಟ್ಟರೆ ಅದು ಬಿಡುಗಡೆಯಲ್ಲ, ಮರಣ. ಕಡಲಿಗೇ ಬಿಟ್ಟರೂ ತನ್ನದಲ್ಲದ ಕಡಲಾದರೆ ಅನರ್ಥ ತಪ್ಪದು. ಹಿಂದೂ ಮತ್ತು ಶಾಂತಸಾಗರಗಳ ಲಯನ್ ಮೀನು 1985ರಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಕಾಣಿಸಿಕೊಂಡು, ಮುಂದೆ ಅಟ್ಲಾಂಟಿಕ್ ಹವಳದ ದಿಬ್ಬಗಳಿಗೆಲ್ಲ ಹಬ್ಬಿ ಅಲ್ಲಿಯ ಮೀನುಗಳನ್ನು ತಿಂದುಹಾಕುತ್ತಿದೆ. ಸಾಕಿದವರು ತೊಟ್ಟಿಗಳಿಂದ ಬಿಟ್ಟದ್ದೇ ಇದಕ್ಕೆ ಕಾರಣವಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಬಿಟ್ಟವರಲ್ಲಿ ಕೆಲವರ ಮನಸ್ಸಿನಲ್ಲಾದರೂ ಕರುಣೆಯೇ ಇದ್ದಿರಬಹುದು. ಅದಲ್ಲದೆ, ಬಿಡಿಸುವುದಕ್ಕಾಗಿ ಹಣ ಕೊಟ್ಟು ಕೊಂಡರೆ ಹಿಡಿಯುವವನಿಗೆ ಅದು ಮಾರಾಟವೇ. ಗಿರಾಕಿಯ ಉದ್ದೇಶವನ್ನು ಮಾರುಕಟ್ಟೆ ಕೇಳುವುದಿಲ್ಲ.

ಹಾಗಾದರೆ ಈಗಾಗಲೇ ಮನೆಯಲ್ಲಿ ತೊಟ್ಟಿ ಇರಿಸಿಕೊಂಡವರು ಏನು ಮಾಡಬೇಕು? ಚಿತ್ರ ಉತ್ತರಿಸದ ‘ಮುಂದೇನು’ ಎಂಬ ಪ್ರಶ್ನೆ ಇದೇ. ತೊಟ್ಟಿಯಲ್ಲಿ ಹುಟ್ಟಿದ ಮೀನಿಗೆ ಹಿಂದಿರುಗಲು ಕಡಲಿಲ್ಲ. ಒಮ್ಮೆ ಮನೆಗೆ ತಂದ ಜೀವದ ಹೊಣೆ ಅದರ ಆಯುಷ್ಯ ತೀರುವವರೆಗೆ ತಂದವನದು. ಆ ಆಯುಷ್ಯ ಚಿಕ್ಕದೇನೂ ಅಲ್ಲ. ಚೆನ್ನಾಗಿ ಸಾಕಿದರೆ ಕ್ಲೌನ್ ಮೀನು 10 ವರ್ಷಗಳನ್ನು ಮೀರಿ, ಕೆಲವೊಮ್ಮೆ 20 ವರ್ಷಗಳವರೆಗೂ ಬದುಕುತ್ತದೆ. ಪಪುವಾ ನ್ಯೂಗಿನಿಯ ಕಡಲಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರ್ಕ್ಯುಲಾ ಜಾತಿಯ ಹೆಣ್ಣುಮೀನಿನ ಜೀವಿತಾವಧಿಯನ್ನು ಸುಮಾರು 30 ವರ್ಷವೆಂದು ಅಂದಾಜು ಮಾಡಿತು. ಹಟ ಮಾಡಿ ತರಿಸಿಕೊಂಡ ಮಗು ಓದು ಮುಗಿಸಿ, ಮದುವೆಯಾಗಿ ಮನೆ ಬಿಟ್ಟು ಹೋದ ಮೇಲೂ ಆ ಮೀನು ಅಲ್ಲಿಯೇ ಇರಬಹುದು. ಅಷ್ಟು ಕಾಲವೂ ನೀರನ್ನು ಅಳೆಯುವುದು, ಇಳಿದ ಮಟ್ಟವನ್ನು ತುಂಬಿಸುವುದು, ವಿದ್ಯುತ್ತು ಹೋದಾಗ ಎದ್ದು ಗಾಳಿಯೂದುವ ವ್ಯವಸ್ಥೆ ಮಾಡುವುದು, ಒಂದರ ಬೆನ್ನಿಗೆ ಇನ್ನೊಂದನ್ನು ಕೊಳ್ಳದಿರುವುದು: ಇವೇ ಆ ಮನೆಯ ಮಟ್ಟಿಗೆ ಅಹಿಂಸೆಯ ಆಚರಣೆ. ಆಹಾರದ ಹಿಂಸೆ ಪೂರ್ತಿಯಾಗಿ ತಪ್ಪುವುದಿಲ್ಲ. ಅದನ್ನು ಹಿಂಸೆಯೆಂದೇ ತಿಳಿದು, ಆಲೋಚನೆ ಮಾಡಿ, ಮುಂದೆ ಬೆಳೆಯದಂತೆ ನೋಡಿಕೊಳ್ಳಬಹುದು. ನಷ್ಟವನ್ನು ನಷ್ಟವೆಂದು ಬರೆಯುವವನ ಲೆಕ್ಕ ಎಂದಾದರೊಂದು ದಿನ ಸರಿಹೋಗುತ್ತದೆ. ಅದನ್ನು ಲಾಭದ ಪುಟದಲ್ಲಿ ಬರೆದುಕೊಂಡವನ ಲೆಕ್ಕ ಎಂದೂ ಸರಿಹೋಗದು.

ತಂದಿಲ್ಲದವರಿಗೆ ಮಾರ್ಗ ಇನ್ನೂ ಸುಲಭ. ಮೂರ್ಛೆಯೇ, ಎಂದರೆ ‘ನನ್ನದು’ ಎಂಬ ಅಂಟೇ ಪರಿಗ್ರಹವೆಂದು ಶಾಸ್ತ್ರ ಹೇಳುತ್ತದೆ. ಅಂದವಾದುದನ್ನು ಕಂಡು ಸಂತೋಷಪಡುವುದರಲ್ಲಿ ದೋಷವಿಲ್ಲ. ಅದು ತನ್ನ ಗೋಡೆಯೊಳಗಿದ್ದರೆ ಮಾತ್ರ ಸಂತೋಷ ಎನ್ನುವಲ್ಲಿ ದೋಷ ಮೊದಲಾಗುತ್ತದೆ. ಮಾರ್ಲಿನ್ ಎಂಬ ಆ ಪುಟ್ಟ ತಂದೆ ಕಡಲು ದಾಟಿ ಕಲಿತದ್ದು ಇಷ್ಟನ್ನೇ. ಮಕ್ಕಳ ಜೊತೆ ಕುಳಿತು ಈ ಚಿತ್ರವನ್ನು ನೋಡುವ ತಂದೆತಾಯಿಗಳು ಮುಗಿದ ಮೇಲೆ ಮಗುವನ್ನು ಒಂದು ಪ್ರಶ್ನೆ ಕೇಳಬಹುದು: ‘ನೀಮೊ ತಂದೆಯನ್ನು ಸೇರಿದನಲ್ಲ, ಆ ವೈದ್ಯನ ತೊಟ್ಟಿ ಈಗ ಹೇಗಿರಬೇಕು?’ ಖಾಲಿಯಾಗಿರಬೇಕು ಎಂದು ಮಗು ತಾನಾಗಿ ಹೇಳಿದರೆ, ಚಿತ್ರ ಅರ್ಧಕ್ಕೆ ನಿಲ್ಲಿಸಿದ ಪಾಠ ಆ ಮನೆಯಲ್ಲಿ ಪೂರ್ತಿಯಾದಂತೆ.